ಅಗ್ಗದ ಯೂರಿಯಾ, ತುಟ್ಟಿಯಾದ ಮಣ್ಣು

ಕಾರವಾರದ ಭಾನುವಾರದ ಸಂತೆಯಲ್ಲಿ ಅಂಕೋಲೆ ಕಡೆಯ ಹಾಲಕ್ಕಿ ಹೆಂಗಸರ ತರಕಾರಿ ಬುಟ್ಟಿಗೆ ಮುಗಿಬೀಳುವವರು ನಾವೇ. ಬೆಂಡೆ ಎಳೆಯದೇ, ಬಸಳೆ ಎಷ್ಟಕ್ಕೆ ಎಂದು ಕೇಳುತ್ತೇವೆ. ಅದು ಬೆಳೆದ ಮಣ್ಣು ಹೇಗಿದೆ ಅಂತ ಕೇಳುವವರು ಯಾರು?

45 ಕಿಲೋ ಯೂರಿಯಾ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ ಚಿಲ್ಲರೆ. ಉಳಿದ ಭಾರ ಸರಕಾರದ್ದು. ಪೊಟ್ಯಾಶ್, ಡಿಎಪಿ ದರ ಇದರ ಹಲವು ಪಟ್ಟು. ಹೀಗಾಗಿ ಒಂದು ಮುಷ್ಟಿ ಬೀಳುವಲ್ಲಿ ಎರಡು ಮುಷ್ಟಿ ಯೂರಿಯಾ ಬೀಳುತ್ತದೆ. ಪೈರು ನೋಡನೋಡುತ್ತ ಹಸಿರಾಗುತ್ತದೆ, ನಿಜ. ಆದರೆ ಆ ಮೆತ್ತನೆಯ ಹಸಿರಿಗೆ ಹುಳವೂ ಬೇಗ ಬೀಳುತ್ತದೆ. ಆಮೇಲೆ ಔಷಧಿ ಬಾಟಲಿಗಾಗಿ ಪೇಟೆಗೆ ಓಟ!

ನಮ್ಮ ಕರಾವಳಿ ಮಣ್ಣಿನ ಗುಣವೇ ಬೇರೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬಿದ್ದು, ಸುಣ್ಣದ ಅಂಶ ತೊಳೆದುಹೋಗಿ ಮೊದಲೇ ಹುಳಿಯಾದ ನೆಲ ಇದು. ಯೂರಿಯಾ ಸುರಿದಷ್ಟೂ ಹುಳಿ ಏರುತ್ತದೆ. ಆಗ ರಂಜಕ ಮಣ್ಣಿನಲ್ಲಿ ಇದ್ದೂ ಬೆಳೆಗೆ ದಕ್ಕುವುದಿಲ್ಲ. ಸುಣ್ಣ ಸಾಲದೆ ಶೇಂಗಾ ಜೊಳ್ಳಾಗುತ್ತದೆ. ಪೈರು ಉಣ್ಣದೆ ಬಿಟ್ಟ ಸಾರಜನಕ ಮಳೆನೀರಿನೊಂದಿಗೆ ಬಾವಿಗೆ, ಗಂಗಾವಳಿಗೆ, ಕಾಳಿಗೆ ಇಳಿಯುತ್ತದೆ.

ಔಷಧಿಯ ಪಾಠವಂತೂ ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರುತೋಪುಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕಾಸರಗೋಡಿನಲ್ಲೂ ಅದೇ ಕತೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ನಮ್ಮ ಜಿಲ್ಲೆಯಲ್ಲೂ ಬಾಧಿತರಿದ್ದಾರೆ ಎಂಬುದನ್ನು ಮರೆಯಬಾರದು.

ಹಾಗಂತ ಗೊಬ್ಬರದಂಗಡಿಗೆ ಬೀಗ ಜಡಿಯಿರಿ ಎಂದು ನಾವು ಹೇಳುತ್ತಿಲ್ಲ. ಗೊಬ್ಬರ ಬೇಕು, ಅಳತೆಯಲ್ಲಿ ಬೇಕು. ಅಳತೆ ತಿಳಿಯಲೆಂದೇ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡು ಬಂತು. 12 ಅಂಶಗಳ ಪರೀಕ್ಷೆ ಅದರಲ್ಲಿದೆ. ಕಾರ್ಡು ಕೈಗಿತ್ತು ಸುಮ್ಮನಾದರೆ ಏನು ಬಂತು? ಕೃಷಿ ಇಲಾಖೆಯವರು ಗದ್ದೆಗೇ ಬಂದು ಅದರ ಅರ್ಥ ಬಿಡಿಸಿ ಹೇಳಬೇಕು. ಯೂರಿಯಾದ ಮೇಲೆ ತೋರುವ ಧಾರಾಳದಲ್ಲಿ ಒಂದು ಪಾಲನ್ನು ಸುಣ್ಣಕ್ಕೂ, ಕೊಟ್ಟಿಗೆ ಗೊಬ್ಬರಕ್ಕೂ ತೋರಬೇಕು.

ಅಂಗಡಿಕಾರರಿಗೂ ಒಂದು ಮಾತು. ಔಷಧಿ ಡಬ್ಬಿಯ ಮೇಲಿನ ತ್ರಿಕೋನ ಅಲಂಕಾರಕ್ಕಲ್ಲ. ಕೆಂಪು ಎಂದರೆ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದ ಗಿರಾಕಿಗೆ ಇದನ್ನು ಹೇಳಿ, ರಸೀದಿ ಕೊಟ್ಟು ಕಳಿಸಿ. ಅಕ್ಕಿ, ಬೇಳೆಯ ಪಕ್ಕ ವಿಷ ಇಡಬೇಡಿ. ಬಸ್ಸಿನಲ್ಲಿ ಒಯ್ಯುವವರೂ ಅಷ್ಟೇ, ಮಕ್ಕಳ ತಿಂಡಿ ಇಟ್ಟ ಚೀಲಕ್ಕೆ ಔಷಧಿ ಬಾಟಲಿ ತುರುಕಬೇಡಿ.

ಕೆಟ್ಟ ಮಾಲನ್ನು ಅಂಗಡಿಗೆ ವಾಪಸು ಕೊಡಬಹುದು. ಕೆಟ್ಟ ಮಣ್ಣನ್ನು ಯಾರಿಗೆ ಕೊಡುವುದು? ಗದ್ದೆ ಹೂಡುವ ಮೊದಲೇ ಮಣ್ಣಿನ ಪರೀಕ್ಷೆ ಆಗಲಿ. ರೈತ ಸಂಪರ್ಕ ಕೇಂದ್ರಗಳು ಈ ಕೆಲಸಕ್ಕೆ ಮಳೆ ಬರುವ ತನಕ ಕಾಯದಿರಲಿ.