ಉಲ್ಕೆ ಬಿದ್ದ ಮರಳುಗಾಡು

ಕಾಲುವೆ ನೀರು ಉಂಡು ಬೆಳೆದ ಕಿರಂಗೂರಿನಂಥ ಊರಿನವರಿಗೆ ಮರಳುಗಾಡು ದೂರದ ಮಾತು. ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವುದು ಸೌದಿ ಅರೇಬಿಯಾದಲ್ಲಿ. ಅಲ್ಲಿನ ರುಬ್‌ಅಲ್ ಖಾಲಿ ಎಂಬ ಮಹಾ ಮರಳುಗಾಡಿನ ನಡುವೆ ಉಲ್ಕೆಯೊಂದು ಬಿದ್ದು ತೋಡಿದ ಕುಳಿಗಳಿವೆ. ಆ ಜಾಗದ ಹೆಸರು ವಬಾರ್.

ಅಲ್ಲೊಂದು ಪಟ್ಟಣವಿತ್ತು, ಅದರ ದುಷ್ಟ ಅರಸನ ಮೇಲೆ ಆಕಾಶದಿಂದ ಬೆಂಕಿ ಬಿತ್ತು ಎಂಬುದು ಮರಳುಗಾಡಿನವರ ಹಳೆಯ ಕಥೆ. 1932ರಲ್ಲಿ ಆ ಪಟ್ಟಣವನ್ನು ಹುಡುಕುತ್ತಾ ಒಂಟೆಗಳ ಮೇಲೆ ಹೋದವರು ಬ್ರಿಟಿಷ್ ಪ್ರವಾಸಿ ಫಿಲ್ಬಿ. ಅವರು 1930ರಲ್ಲಿ ಇಸ್ಲಾಮ್ ಸ್ವೀಕರಿಸಿ ಅಬ್ದುಲ್ಲಾ ಆಗಿದ್ದರು. ಅವರಿಗೆ ಕೋಟೆ ಕಾಣಲಿಲ್ಲ. ಕಂಡದ್ದು ಕುಳಿಗಳು ಮತ್ತು ಸುತ್ತಲೂ ಚೆಲ್ಲಿದ್ದ ಕಪ್ಪು ಗಾಜಿನ ಮಣಿಗಳು. ಜೊತೆಗಿದ್ದವರು ಅವನ್ನು ಅರಮನೆಯ ಹೆಂಗಸರ ಮುತ್ತುಗಳೆಂದೇ ಆರಿಸಿಕೊಂಡರು! ಅಲ್ಲಿಂದ ತಂದ ಕಬ್ಬಿಣದ ತುಂಡನ್ನು ಲಂಡನ್ನಿನಲ್ಲಿ ಪರೀಕ್ಷಿಸಿದಾಗ ಅದು ನಿಕ್ಕಲ್ ಬೆರೆತ ಉಲ್ಕೆಯ ಕಬ್ಬಿಣವೆಂದು ತಿಳಿಯಿತು. ಉಲ್ಕೆಯ ಹೊಡೆತದ ಶಾಖಕ್ಕೆ ಮರಳೇ ಕರಗಿ ಗಾಜಾಗಿತ್ತು.

ಅತಿ ದೊಡ್ಡ ಕುಳಿಯ ಅಗಲ 116 ಮೀಟರ್. 1932ರಲ್ಲಿ ಅದರ ಆಳ ಸುಮಾರು 12 ಮೀಟರ್ ಇತ್ತು. 1961ರ ಹೊತ್ತಿಗೆ 8ಕ್ಕೆ ಇಳಿದಿತ್ತು. ಗಾಳಿ ಹೊತ್ತು ತರುವ ಮರಳು ಅದನ್ನು ಮುಚ್ಚುತ್ತಲೇ ಬಂದಿದೆ.

"ಹಾಗಾದರೆ ಇದೇ ಆದ್ ಜನಾಂಗದ ಊರಲ್ಲವೇ?" ಎಂದು ನೀವು ಕೇಳಬಹುದು. ಹಾಗೆ ನಂಬಿದವರೂ ಇದ್ದರು. ಆದರೆ ಪ್ರವಾದಿ ಹೂದ್‌ರ(ಅ) ಮಾತು ಕೇಳದ ಆ ಜನರು ನಾಶವಾದದ್ದು ಬಿರುಗಾಳಿಯಿಂದ ಎಂದು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ಹೇಳುತ್ತದೆ, ಬೆಂಕಿಯಿಂದಲ್ಲ. ಅಲ್ಲದೆ ವಿಜ್ಞಾನಿಗಳ ಪರೀಕ್ಷೆಯ ಪ್ರಕಾರ ಈ ಕುಳಿಗಳಿಗೆ ಕೆಲವೇ ನೂರು ವರ್ಷಗಳ ವಯಸ್ಸು. ಆದ್ ಜನಾಂಗವಾದರೋ ಪ್ರವಾದಿ ಮುಹಮ್ಮದ್‌ರ(ಸ) ಕಾಲಕ್ಕಿಂತಲೂ ಬಹಳ ಹಿಂದಿನದು. ವಿಚಿತ್ರವಾದುದನ್ನು ಕಂಡೊಡನೆ ಅದಕ್ಕೊಂದು ಧರ್ಮದ ಕಥೆ ಅಂಟಿಸುವುದು ಭಕ್ತಿಯಲ್ಲ. ಗ್ರಂಥವನ್ನೂ ಸರಿಯಾಗಿ ಓದಬೇಕು, ಕಲ್ಲನ್ನೂ ಸರಿಯಾಗಿ ನೋಡಬೇಕು.

ವಬಾರ್‌ಗೆ ರಸ್ತೆಯಿಲ್ಲ. ಅನುಭವಿ ಮಾರ್ಗದರ್ಶಕರು, ಒಂದಕ್ಕಿಂತ ಹೆಚ್ಚು ಜೀಪುಗಳು, ಸಾಕಷ್ಟು ನೀರು ಇಲ್ಲದೆ ಆ ಸಾಹಸ ಬೇಡ. ರಿಯಾದ್‌ನಲ್ಲಿರುವ ನಿಮ್ಮ ಮಗನೋ ಅಳಿಯನೋ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದರೆ, ವಬಾರ್‌ನಿಂದ ತಂದ ಸುಮಾರು 2 ಟನ್ ತೂಕದ ಉಲ್ಕೆಯನ್ನೇ ನೋಡಬಹುದು. ನಮ್ಮ ದೇಶದಲ್ಲೇ ನೋಡಬೇಕೆಂದರೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಇದೆ. ಅದೂ ಉಲ್ಕೆ ತೋಡಿದ ಕುಳಿಯೇ, ಅಗಲ ಸುಮಾರು 1.8 ಕಿಲೋಮೀಟರ್, ಈಗ ಅದರಲ್ಲೊಂದು ಸರೋವರವಿದೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆಗಳಿಗೆ ಗದರಬೇಡಿ.