ಕನ್ನಡಿಯ ಮುಂದೆ ಕುಳಿತ ಚಿತ್ರಗಾರ್ತಿ

ಕನ್ನಡಿ ಹಿಡಿದ ಹೆಣ್ಣು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವವಳು ಬೇಲೂರಿನ ದರ್ಪಣಸುಂದರಿ. ಶಾಲೆಯ ಪ್ರವಾಸದಲ್ಲಿ ಆಕೆಯನ್ನು ಕಂಡು ಬೆರಗಾಗದವರು ವಿರಳ. ಆದರೆ ಆ ಚೆಲುವನ್ನು ಕಂಡು ಕಡೆದವನು ಶಿಲ್ಪಿ. ಆಕೆ ತನ್ನನ್ನು ತಾನು ಹೇಗೆ ಕಂಡಳೆಂಬುದನ್ನು ಕಲ್ಲು ನುಡಿಯದು. ಹೆಣ್ಣೊಬ್ಬಳು ತಾನೇ ಕುಂಚ ಹಿಡಿದು ಆ ಮಾತನ್ನು ನುಡಿದ ಕೃತಿಯೊಂದು ಮಾಸ್ಕೋದ ಟ್ರೆಟ್ಯಾಕೋವ್ ಚಿತ್ರಶಾಲೆಯಲ್ಲಿದೆ. ಅದು ಜಿನೈದಾ ಸೆರೆಬ್ರಿಯಾಕೋವಾ 1909ರಲ್ಲಿ ರಚಿಸಿದ ಆತ್ಮಚಿತ್ರ.

ಇಂದಿನ ಉಕ್ರೇನಿನ ಖಾರ್ಕಿವ್ ಸೀಮೆಗೆ ಸೇರಿದ ನೆಸ್ಕುಚ್ನೊಯೆ ಎಂಬ ಗ್ರಾಮದ ಮನೆಯಲ್ಲಿ ಅದು ರೂಪುಗೊಂಡಿತು. ಆ ವರ್ಷ ಚಳಿಗಾಲ ಬೇಗನೆ ಬಂದು, ಊರೆಲ್ಲ ಹಿಮದಲ್ಲಿ ಹುದುಗಿತ್ತು. ಪತಿ ದೂರದಲ್ಲಿದ್ದರು. ಎರಡು ಎಳೆಯ ಮಕ್ಕಳ ತಾಯಿಯಾಗಿದ್ದ ಆಕೆ ಕನ್ನಡಿಯ ಮುಂದೆ ಕುಳಿತು ತಮ್ಮನ್ನೇ ಚಿತ್ರಿಸತೊಡಗಿದರು. ನೀಳವಾದ ಕೂದಲನ್ನು ಬಾಚುತ್ತಿರುವ ಕೈಗಳು, ನಸುನಗೆಯ ಕಣ್ಣುಗಳು, ಮೇಜಿನ ಮೇಲೆ ಸುಗಂಧದ ಸೀಸೆಗಳು, ಮಣಿಸರ, ಮೇಣದಬತ್ತಿ, ಹಿಂದೆ ನೀರಿನ ಹೂಜಿ: ಎಲ್ಲವೂ ಒಂದೇ ನಿರ್ಮಲ ಬೆಳಕಿನಲ್ಲಿ ಮಿಂದಿವೆ. ಸೀಸೆಯನ್ನು ಎಷ್ಟು ಶ್ರದ್ಧೆಯಿಂದ ನೋಡಿದರೋ ಮುಖವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದ್ದಾರೆ. ಇದನ್ನು ರೂಪಗರ್ವವೆನ್ನಲಾಗದು, ಇದು ಕಾಯಕನಿಷ್ಠೆ.

1910ರಲ್ಲಿ ಪ್ರದರ್ಶನಗೊಂಡ ಈ ಚಿತ್ರವನ್ನು ಟ್ರೆಟ್ಯಾಕೋವ್ ಚಿತ್ರಶಾಲೆಯೇ ಕೊಂಡುಕೊಂಡಿತು. ಆದರೆ ಆ ನಸುನಗೆಯ ಮುಂದಿನ ಬಾಳು ಕಠಿಣವಾಗಿತ್ತು. 1919ರಲ್ಲಿ ಪತಿ ಟೈಫಸ್ ಜ್ವರಕ್ಕೆ ತುತ್ತಾದರು. ಸಂಪಾದನೆಗೆಂದು 1924ರಲ್ಲಿ ಪ್ಯಾರಿಸ್ಸಿಗೆ ಹೋದ ತಾಯಿ, ಮಗಳು ತಾತಿಯಾನಾಳನ್ನು ಮತ್ತೆ ಕಂಡದ್ದು 1960ರಲ್ಲಿ. ಆದರೂ 1967ರಲ್ಲಿ ಪ್ಯಾರಿಸ್ಸಿನಲ್ಲಿಯೇ ಕೊನೆಯುಸಿರೆಳೆದ ಆಕೆ ಇಳಿವಯಸ್ಸಿನಲ್ಲಿಯೂ ಆತ್ಮಚಿತ್ರಗಳನ್ನು ರಚಿಸಿದ್ದರು. ಸುಖದಲ್ಲಿ ಕಲಿತ ನೋಟ ಕಷ್ಟದಲ್ಲಿ ಕೈಬಿಡಲಿಲ್ಲ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ಪರೀಕ್ಷೆ ಸಮೀಪಿಸಿದೊಡನೆ ನಮ್ಮ ಶಾಲೆಗಳಲ್ಲಿ ಮೊದಲು ಬಲಿಯಾಗುವುದು ಚಿತ್ರಕಲೆಯ ಅವಧಿ. ಕನ್ನಡಿಯ ಮುಂದೆ ನಿಂತ ಹುಡುಗಿಯನ್ನಂತೂ ಗದರಿಸುವುದೇ ನಮ್ಮ ರೂಢಿ. ಆಕೆಯ ಕೈಗೆ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, “ಕಂಡದ್ದನ್ನು ಕಂಡಂತೆ ಬರೆ” ಎನ್ನಬಾರದೇಕೆ? ತನ್ನ ಮುಖವನ್ನು ಹೆಚ್ಚಿಸದೆ, ಕುಂದಿಸದೆ ನೋಡಬಲ್ಲ ಮಗು ಲೋಕವನ್ನೂ ಹಾಗೆಯೇ ನೋಡಲು ಕಲಿತೀತು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಕಟ್ಟಡಗಳಿಗೆ ಉದಾರವಾಗಿ ನೀಡುವ ದಾನಿಗಳೂ, ವೇಳಾಪಟ್ಟಿಯನ್ನು ಸಿದ್ಧಪಡಿಸುವ ಗುರುಗಳೂ ವಾರಕ್ಕೊಂದು ಚಿತ್ರದ ಅವಧಿಯನ್ನು ಮುಟ್ಟದೆ ಉಳಿಸಿಕೊಡಲಿ ಎಂಬುದೇ ನನ್ನ ವಿನಮ್ರ ಅರಿಕೆ.