ಕಿವಿಗೊಡುವ ವಿಮಾನಗಳು

ಯುದ್ಧವಿಮಾನವೆಂದೊಡನೆ ಬಾಂಬು, ಮದ್ದುಗುಂಡುಗಳೇ ನಮ್ಮ ಕಣ್ಣಮುಂದೆ ನಿಲ್ಲುವವು. ಆದರೆ ಶತ್ರುವಿನ ರಾಡಾರಿಗೆ ಕಿವಿಗೊಡುವದನ್ನೇ ಕಾಯಕವಾಗಿ ಉಳ್ಳ ವಿಮಾನದಳಗಳೂ ಉಂಟು. ನಮ್ಮ ಸತ್ತಿಯ ಸೀಮೆಯಿಂದ ಘಟ್ಟವಿಳಿದರೆ ಸಿಗುವ ಗೋವೆಯ ದಾಬೋಳಿಯಲ್ಲಿ, 'ಹಂಸ'ವೆಂಬ ನೌಕಾನೆಲೆಯಲ್ಲಿ, ಅಂಥದೊಂದು ದಳವಿರುವದು. ಅದರ ಅಂಕೆ ೩೧೦.

ಕಗ್ಗತ್ತಲೆಯಲ್ಲಿ ಕಂದೀಲು ಹಿಡಿದು ಹೊಲಕ್ಕೆ ನೀರು ಹಾಯಿಸಲು ಹೊರಟವನನ್ನು ವಾಚಕರು ನೆನೆಯಲಿ. ಅವನಿಗೆ ಕಾಣುವದು ನಾಲ್ಕು ಮಾರು. ಅವನ ಕಂದೀಲಾದರೋ ಬಲುದೂರದವರಿಗೂ ಕಾಣುವದು. ರಾಡಾರಿನ ಗತಿಯೂ ಇದೇ. ಅದರ ತರಂಗವು ವಸ್ತುವಿಗೆ ತಾಗಿ ಮರಳಿ ಬರಬೇಕು. ಕದ್ದು ಕೇಳುವವನಿಗೆ ಹೋಗುವ ತರಂಗವೊಂದೇ ಸಾಕು. ಆದುದರಿಂದ ಹುಡುಕುವವನು ಕಾಣುವ ಮೊದಲೇ ಕೇಳುವವನು ಎಚ್ಚರಗೊಳ್ಳುವನು. ತರಂಗದ ಲಕ್ಷಣದಿಂದ ಅದು ಯಾವ ಬಗೆಯ ಹಡಗಿನದೆಂದೂ ಊಹಿಸುವನು.

ಈ ದಳವು ೧೯೬೧ನೆಯ ಇಸವಿಯ ಮಾರ್ಚ ೨೧ರಂದು ಫ್ರಾನ್ಸ ದೇಶದ ಇಯೆರ್ ಎಂಬಲ್ಲಿ ಸ್ಥಾಪಿತವಾಯಿತು. ಅದರ ಮೊದಲ ವಿಮಾನದ ಹೆಸರು 'ಅಲಿಜೆ', ಎಂದರೆ ವಾಣಿಜ್ಯಮಾರುತ. ಹೆಸರೇನೋ ಸೊಗಸು, ಕೆಲಸ ಮಾತ್ರ ಜಲಾಂತರ್ಗಾಮಿಗಳ ಬೇಟೆ! ಮೂವರು ಕೂಡ್ರುವ ಆ ವಿಮಾನದ ಹೊಟ್ಟೆಯಿಂದ ರಾಡಾರು ಕೆಳಗಿಳಿಯುತ್ತಿತ್ತು. ೧೯೭೧ರ ಯುದ್ಧದಲ್ಲಿ ಅಲಿಜೆಗಳು 'ವಿಕ್ರಾಂತ'ದ ಮೇಲಿಂದ ಹಾರಿ ಬಂಗಾಲದ ಕೊಲ್ಲಿಯಲ್ಲಿ ಕಾದಿದವು. ಅದೇ ಡಿಸೆಂಬರ ೧೦ರಂದು ಅರಬೀ ಸಮುದ್ರದ ಮೇಲೆ ಒಂದು ಅಲಿಜೆಯನ್ನು ಪಾಕಿಸ್ತಾನದ ಜೆಟ್ ವಿಮಾನವು ಹೊಡೆದು ಕೆಡವಿತು. ಶಬ್ದಕ್ಕಿಂತ ಇಮ್ಮಡಿ ವೇಗದ ವೈರಿಯ ಮುಂದೆ ಪಂಖದ ವಿಮಾನದ ಆಟವೆಲ್ಲಿಯದು? ಮೂವರೂ ಮರಳಲಿಲ್ಲ.

೧೯೯೧ರಲ್ಲಿ ಅಲಿಜೆಗಳು ನಿವೃತ್ತವಾದವು. ಕೇಳುವ ಕಾಯಕವು ಈಗ ಡಾರ್ನಿಯರ ವಿಮಾನಗಳದು. ಇಂಥ ಕಿವಿಗಳಿಗಂಜಿ ಯುದ್ಧನೌಕೆಗಳು ಎಷ್ಟೋ ಸಲ ತಮ್ಮ ರಾಡಾರನ್ನು ಆರಿಸಿ, ಕತ್ತಲೆಯಲ್ಲಿ ಮೌನವಾಗಿ ಸಾಗುವದುಂಟು.